ಬೂದಿಯ ಬಟ್ಟಲು

ಹದಿನಾಲ್ಕನೇ ತಾರೀಖು, ಭಾನುವಾರ

ಮಗಳೇ,

ಮಾವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಅಕ್ಕನ ಮನೆಗೆ ಹೋಗಿ ಮೂರು ತಿಂಗಳಾಗುತ್ತಾ ಬಂತು, ಇಷ್ಟು ತಡವಾಗಿ ಬರೆಯುತ್ತಿದ್ದಾನಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಬಡಗಿಯ ಕೈ ಉಳಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯುವುದಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಹಿತ್ತಲಿಗೆ ಹೋಗುತ್ತೇನೆ, ಬಂದು ಓದಿದರೆ ಆ ಎರಡು ಸಾಲೂ ಬೇರೆ ಯಾರೋ ಬರೆದಂತೆ ಕಾಣುತ್ತವೆ. ಈ ಮನೆಯಲ್ಲಿ ಈಗ ಯಾರೂ ಒಂದು ಕಡೆ ಕೂರುತ್ತಿಲ್ಲ. ಮೂವರೂ ಕಾಲು ಸುಟ್ಟ ಬೆಕ್ಕುಗಳು.

ಕೇಳಬೇಕಾದ ಮಾತನ್ನು ಮೊದಲೇ ಕೇಳಿಬಿಡುತ್ತೇನೆ. ನೀನು ತಿರುಗಿ ಬರುತ್ತೀಯಾ? ನಿನ್ನ ಗಂಡ ಕೇಳುವವನಲ್ಲ. ಬೆಳಿಗ್ಗೆ ಬ್ರೆಡ್ಡಿನ ವ್ಯಾನು ಹತ್ತಿದರೆ ಸಂಜೆಯೇ ಇಳಿಯುವುದು. ನಾನು ನಿನ್ನ ಮಾತೆತ್ತಿದರೆ, ಅವಳಿಗೆ ಬೇಕಾದಾಗ ಬರುತ್ತಾಳೆ ಬಿಡಿ ಎನ್ನುತ್ತಾನೆ. ನಿನ್ನ ಅತ್ತೆಗೆ ಕೇಳುವ ಧೈರ್ಯವಿಲ್ಲ. ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಉತ್ತರ ಈಗಲೇ ಬೇಡ. ಮೊದಲು ನಿನ್ನ ಬೂದಿಯ ಸುದ್ದಿ ಕೇಳು.

ನಮ್ಮ ಮೊಲಗಳಲ್ಲೆಲ್ಲ ನಿನಗೆ ಆ ಬೂದುಬಣ್ಣದವಳೇ ಹೆಚ್ಚು. ಎಷ್ಟು ಸಲ ಗಂಡಿನ ಗೂಡಿಗೆ ಬಿಟ್ಟರೂ ಅವಳು ಗಬ್ಬ ಕಟ್ಟದೆ ಹೋಗಿದ್ದು ನಿನಗೆ ಗೊತ್ತೇ ಇದೆ. ನೀನು ಹೊರಟುಹೋದ ವಾರವೇ ಅತ್ತೆ ದನದ ಆಸ್ಪತ್ರೆಯ ಡಾಕ್ಟರಮ್ಮನನ್ನು ಮನೆಗೇ ಕರೆಸಿದಳು. ಆಕೆ ಶೆಡ್ಡಿನೊಳಗೆ ಕಾಲಿಡುತ್ತಲೇ, "ಎಲ್ರೂ ಹೆಣ್ಣನ್ನೇ ಹಿಡ್ಕೊಂಡು ಬರ್ತೀರಿ. ಗಂಡು ಸರಿ ಇದೆಯಾ ಅಂತ ಮೊದ್ಲು ನೋಡಿದ್ರಾ?" ಎಂದರು. ಅತ್ತೆ, ಅದರಲ್ಲೇನೂ ಐಬಿಲ್ಲ, ಬೂದಿಯ ತಂಗಿ ಮಚ್ಚೆ ಇದೇ ಗಂಡಿನಿಂದ ಈದಿದ್ದಾಳೆ ಎಂದಳು. ನಿನ್ನ ಗಂಡ ಮೇವಿನ ಮೂಟೆ ಹೊತ್ತು ಬಾಗಿಲಲ್ಲಿ ನಿಂತಿದ್ದ. ಮೂಟೆಯನ್ನು ಅಲ್ಲೇ ಇಳಿಸಿ ಹೊರಟೇಹೋದ. ವ್ಯಾನಿಗೆ ಹೊತ್ತಾಯಿತೇನೋ ಅಂದುಕೊಂಡೆ. ಅವತ್ತು ಭಾನುವಾರ ಎಂಬುದು ಆಮೇಲೆ ಹೊಳೆಯಿತು.

ಡಾಕ್ಟರಮ್ಮ ಬೂದಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನಿನುದ್ದಕ್ಕೂ ಹೆಬ್ಬೆರಳು ಒತ್ತಿ ನೋಡಿದರು. ಇದು ಮೊಲವೋ ದಿಂಬೋ, ಮೂಳೆ ಎಲ್ಲಿದೆ ನೀವೇ ಹುಡುಕಿಕೊಡಿ ಎಂದು ನಕ್ಕರು. ಮೇವು ಹಾಕುವವರು ಯಾರು ಎಂದು ವಿಚಾರಣೆ ನಡೆಯಿತು. ಬೆಳಿಗ್ಗೆ ಗೂಡಿನ ಬಾಗಿಲಿಗೆ ಕಟ್ಟಿದ ಬಟ್ಟಲು ತುಂಬ ಫೀಡು, ಸಂಜೆಗೆ ಹುಲ್ಲು, ಬೇರೇನೂ ಇಲ್ಲ ಎಂದು ಅತ್ತೆ ಆಣೆ ಮಾಡುವುದೊಂದು ಬಾಕಿ. ಅಷ್ಟರಿಂದ ಹೀಗೆ ಊದುವುದಿಲ್ಲ ಎಂದು ಡಾಕ್ಟರಮ್ಮ ಗೂಡಿನ ಹುಲ್ಲು ಕೆದಕಿದರೆ ಕೆಳಗಿನಿಂದ ಬ್ರೆಡ್ಡಿನ ಅಂಚುಗಳು ಎದ್ದವು.

ಒಂದಾನೊಂದು ಮನೆಯಲ್ಲಿ ಮೂವರು ಕಳ್ಳರಿದ್ದರಂತೆ. ಮೂವರೂ ಕದಿಯುತ್ತಿರಲಿಲ್ಲ, ಕದ್ದು ಕೊಡುತ್ತಿದ್ದರಂತೆ. ಮಗ ವ್ಯಾನಿನಲ್ಲಿ ಉಳಿದ ಬ್ರೆಡ್ಡು ತಂದು ತುರುಕುತ್ತಿದ್ದ. ಅಪ್ಪ ಕೆಲಸಕ್ಕೆ ಹೋಗುವಾಗ ಒಂದು, ಬರುವಾಗ ಒಂದು ಕ್ಯಾರೆಟ್ಟು ಕೊಡುತ್ತಿದ್ದ. ಅಮ್ಮನೋ, ಪಾಪ ಇವಳಿಗೊಬ್ಬಳಿಗೆ ಮರಿಯಿಲ್ಲವಲ್ಲ ಎಂದು ಲೆಕ್ಕದ ಬಟ್ಟಲಿನ ಮೇಲೆ ಇನ್ನೊಂದು ಹಿಡಿ ಕಾಳು ಸುರಿಯುತ್ತಿದ್ದಳು. ಉಳಿದಿಬ್ಬರಿಗೆ ಕರುಳಿಲ್ಲ, ತಾನಿಲ್ಲದಿದ್ದರೆ ಬೂದಿಯ ಗತಿಯೇನು ಎಂದು ಒಬ್ಬೊಬ್ಬರಿಗೂ ಹೆಮ್ಮೆ.

ಡಾಕ್ಟರಮ್ಮ ಆಗ ನಗಲಿಲ್ಲ. "ಕೊಬ್ಬು ತುಂಬಿದ ಹೊಟ್ಟೇಲಿ ಮರಿಗೆ ಜಾಗ ಎಲ್ಲಿರತ್ತಮ್ಮ? ಬೆನ್ನು ಮುಟ್ಟಿ ನೋಡಿ ಹಾಕಿ. ಪ್ರೀತಿ ನೋಡಿ ಹಾಕ್ಬೇಡಿ."

ಅಂದು ಪೂರ್ತಿ ನಿನ್ನ ಅತ್ತೆ ಅಡುಗೆಮನೆಯಿಂದ ಈಚೆ ಬರಲಿಲ್ಲ. ಯಾಕೆಂದು ನನಗೆ ಗೊತ್ತು, ನಿನಗೂ ಗೊತ್ತು. ನಾಲ್ಕು ವರ್ಷ ನಿನ್ನ ತಟ್ಟೆಗೆ ಎರಡನೇ ಮೊಟ್ಟೆ ಇಟ್ಟವಳು ಅವಳು. ಹಾಲಿನ ಲೋಟ ಖಾಲಿಯಾಗುವ ತನಕ ಎದುರಿಗೆ ನಿಂತು, ಮಣಿಕಟ್ಟು ಹಿಡಿದು, ಈ ತಿಂಗಳು ಸ್ವಲ್ಪ ಮೈ ಕೈ ತುಂಬಿಕೊಂಡಿದೆ ಎನ್ನುತ್ತಿದ್ದಳು. ಹೊರಡುವ ಹಿಂದಿನ ದಿನ ನೀನು ತಟ್ಟೆ ಸರಿಸಿ, "ಅತ್ತೆ, ನನ್ನ ರೂಮಿನ ಬಾಗಿಲಿಗೂ ಒಂದು ಬಟ್ಟಲು ಕಟ್ಟಿಬಿಡಿ" ಎಂದೆ. ಅವಳು ತಮಾಷೆ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕಳು. ಬೆಳಿಗ್ಗೆ ನೋಡಿದರೆ ನೀನಿರಲಿಲ್ಲ.

ಒಂದು ನಿಮಿಷ ತಾಳು, ಶೆಡ್ಡಿನಲ್ಲಿ ಏನೋ ಸದ್ದಾಯಿತು.

ಏನಿಲ್ಲ, ನೀರಿನ ಡಬ್ಬಿ ಉರುಳಿತ್ತು. ಎಲ್ಲಿದ್ದೆ? ಬೂದಿಗೆ ಪಥ್ಯ ಶುರುವಾಯಿತು. ಹೊಟ್ಟೆ ತುಂಬ ಒಣಹುಲ್ಲು, ಫೀಡು ಅರ್ಧ ಬಟ್ಟಲು ಮಾತ್ರ, ಹಿತ್ತಲಲ್ಲಿ ಓಡಾಟ. ಮೇವಿನ ಡ್ರಮ್ಮಿಗೆ ಬೀಗ ಹಾಕಿ ಕೀಲಿ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತೆಯನ್ನು ನೋಡಲಾಗುತ್ತಿರಲಿಲ್ಲ. ಗೂಡಿನ ಮುಂದೆ ನಿಲ್ಲುವಳು, ಒಳಗೆ ಬರುವಳು, ಮತ್ತೆ ಹೋಗಿ ನಿಲ್ಲುವಳು. ಒಮ್ಮೆಯಂತೂ, "ಅದು ನನ್ನನ್ನೇ ನೋಡ್ತಿದೆ ಕಣ್ರೀ, ಕೀಲಿ ಕೊಡಿ" ಎಂದು ಕೈ ಚಾಚಿದಳು. ನಾನು ಕೊಡಲಿಲ್ಲ. ಕೈಯನ್ನು ಅವಳೇ ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಕೊನೆಗೆ ಬೆನ್ನುಮೂಳೆ ಹೆಬ್ಬೆರಳಿಗೆ ಸಿಕ್ಕಿತು. ಗಂಡಿಗೆ ಬಿಡುವ ಮುಂಚಿನ ಕೆಲವು ದಿನ ಮಾತ್ರ ಮೇವು ಸ್ವಲ್ಪ ಏರಿಸಿ ಎಂದರು ಡಾಕ್ಟರಮ್ಮ. ಏರಿಸಿದೆವು, ಬಿಟ್ಟೆವು, ಗಬ್ಬ ನಿಂತಿತು. ಗಬ್ಬ ಎಂದು ಗೊತ್ತಾದ ಮೇಲಾದರೂ ಕೈ ಬಿಚ್ಚಬಹುದು ಎಂದು ಅತ್ತೆ ಕಾದಿದ್ದಳು. ಅದಕ್ಕೂ ತಡೆ ಬಂತು: ಕೊನೆಯ ವಾರದ ತನಕ ಹದ ತಪ್ಪಿಸುವಂತಿಲ್ಲ. ನಾನು ಹಲಗೆ ಕೊಯ್ದು ಈಯುವ ಪೆಟ್ಟಿಗೆ ಮಾಡಿದೆ. ಒಳಗೆ ಅವಳು ತಿರುಗುವಷ್ಟು ಜಾಗ, ಮರಿ ಉರುಳಿ ಹೊರಬೀಳದಷ್ಟು ಎತ್ತರದ ಹೊಸ್ತಿಲು. ಬೂದಿ ಎದೆಯ ರೋಮವನ್ನು ತಾನೇ ಕಿತ್ತು ಹಾಸಿದಳು. ಮರುದಿನ ಆ ರೋಮ ಮಿಸುಕಾಡುತ್ತಿತ್ತು. ಏಳು ಮರಿ ಕಣಮ್ಮ, ಹೆಬ್ಬೆರಳಿನಷ್ಟು ಒಂದೊಂದೂ.

ಈದ ದಿನ ಬಟ್ಟಲು ತುಂಬಿಸಲು ಓಡಿದ ಅತ್ತೆಯನ್ನು ನಾನೇ ತಡೆದೆ. ಒಮ್ಮೆಗೇ ಮೇವು ಏರಿಸಿದರೆ ಹಾಲು ಉಕ್ಕಿ, ಎಳೆಯ ಮರಿಗಳು ಅಷ್ಟನ್ನು ಕುಡಿಯಲಾರದೆ ಮೊಲೆ ಗಟ್ಟಿಯಾಗುತ್ತದಂತೆ. ಮರಿ ಬೆಳೆದ ಹಾಗೆ ಮೇವು ಬೆಳೆಯಬೇಕು, ನೀರು ಮಾತ್ರ ಯಾವ ಹೊತ್ತಿನಲ್ಲೂ ಬತ್ತಬಾರದು. ಸರಿ, ಒಪ್ಪಿದಳು. ಆದರೆ ಹೊಸ ಚಿಂತೆ ಹಿಡಿಯಿತು. ಬೂದಿ ಮರಿಗಳ ಹತ್ತಿರವೇ ಸುಳಿಯುವುದಿಲ್ಲ, ಮೂಲೆಯಲ್ಲಿ ಕಿವಿ ನಿಮಿರಿಸಿ ಕೂತಿರುತ್ತಾಳೆ, ಇವಳು ಹಾಲೇ ಕೊಡುತ್ತಿಲ್ಲ ಎಂದು. ಅತ್ತೆ ದಿನವಿಡೀ ಕಾದಳು. ಆಮೇಲೆ ಮರಿ ಎತ್ತಿ ನೋಡಿದರೆ ಹೊಟ್ಟೆ ಡೋಲಿನ ಹಾಗಿದೆ. ದಿನಕ್ಕೊಂದು ಸಲ, ಚಿಟಿಕೆ ಹೊಡೆಯುವಷ್ಟರಲ್ಲಿ ಕುಡಿಸಿ ಮುಗಿಸುವ ಜಾತಿ ಅದು, ಅದೂ ಯಾರೂ ನೋಡದಿರುವಾಗ. "ಅವಳ ಪಾಡಿಗೆ ಅವಳನ್ನ ಬಿಟ್ಟಿದ್ರೆ ಆಗ್ತಿತ್ತು" ಎಂದಳು ಅತ್ತೆ. ಬೂದಿಯ ವಿಷಯವನ್ನೇ ಹೇಳಿದಳು ಎಂದು ನಾನು ಪ್ರಮಾಣ ಮಾಡಲಾರೆ.

ಈಗ ಬೂದಿಗೆ ಲೆಕ್ಕವಿಲ್ಲ, ಕುದುರೆಮೆಂತೆ ಸೊಪ್ಪು, ಫೀಡು, ತಿಂದಷ್ಟೂ ಕೊಡಬಹುದು. ಕೀಲಿ ತಿರುಗಿ ಅತ್ತೆಯ ಕೈ ಸೇರಿದೆ. ಅವಳು ಬಟ್ಟಲು ತುಂಬಿಸಿ ಇಡುತ್ತಾಳೆ, ಇಟ್ಟವಳು ತಿನ್ನುವುದನ್ನು ನೋಡಲು ನಿಲ್ಲುವುದಿಲ್ಲ. ನಮಗೂ ಅಷ್ಟೆ. ಬಡಿಸಿ ಒಳಗೆ ಹೋಗಿಬಿಡುತ್ತಾಳೆ. ಮೊನ್ನೆ ಇನ್ನೊಂದು ಸೌಟು ಹಾಕು ಅಂದರೆ ಸೌಟನ್ನೇ ನನ್ನ ಮುಂದಿಟ್ಟಳು.

ಬರುವುದಾದರೆ ಬಾ. ಬಾರದಿದ್ದರೆ ಅದನ್ನೂ ಒಂದು ಸಾಲು ಬರೆ, ಹಿತ್ತಲಿಗೂ ಗೇಟಿಗೂ ತಿರುಗುವ ಈ ಕಾಲುಗಳಿಗೆ ಒಂದು ನೆಲೆ ಸಿಗಲಿ. ಎಲ್ಲಿದ್ದರೂ ನೀನು ನಮ್ಮ ಮಗಳೇ. ನಿನ್ನ ಅಕ್ಕನ ಮನೆ ತಣ್ಣಗಿರಲಿ, ನಿನ್ನ ಮನಸ್ಸಿಗೆ ಒಪ್ಪಿದ್ದೇ ನಿನಗೆ ಒಳ್ಳೆಯದಾಗಲಿ.

ಇತಿ,
ನಿನ್ನ ಮಾವ

ಮತ್ತೊಂದು ಮಾತು. ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಇಲ್ಲಿಗೆ ಬರಲೆಂದೇ ಅಷ್ಟು ದೂರ ಸುತ್ತಿದೆ. ಮಾವನಾದವನು ಸೊಸೆಗೆ ಬರೆಯುವಂಥದ್ದೂ ಅಲ್ಲ. ಮರಿಗಳು ಕಣ್ಣು ಬಿಟ್ಟ ದಿನ ನಿನ್ನ ಗಂಡ ಅಮ್ಮನ ಎದುರು ಕೂತು ಬಾಯಿ ಬಿಟ್ಟ. ಮಕ್ಕಳಾಗದಿರಲು ಕಾರಣ ತಾನು, ಮದುವೆಯಾದ ಮರುವರ್ಷವೇ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ್ದರು, ಮನೆಯಲ್ಲಿ ಹೇಳಕೂಡದು ಎಂದು ನಿನ್ನಿಂದ ಮಾತು ತೆಗೆದುಕೊಂಡಿದ್ದೆ ಎಂದ. ಅತ್ತೆ ಅವನನ್ನು ಬೈಯಲಿಲ್ಲ, ಅಳಲೂ ಇಲ್ಲ. ನನ್ನ ಕಡೆ ತಿರುಗಿ, "ಹಾಗಾದ್ರೆ ನಾನು ಹಾಕಿದ್ದನ್ನೆಲ್ಲ ಅವಳು ಯಾಕ್ರೀ ತಿಂದಳು?" ಎಂದಳು. ಆವತ್ತಿನಿಂದ ಒಲೆಯ ಮುಂದೆ ನಿಂತಾಗಲೆಲ್ಲ ಅದನ್ನೇ ಕೇಳುತ್ತಾಳೆ. ನಾನು ಎದ್ದು ಹಿತ್ತಲಿಗೆ ಹೋಗಿಬಿಡುತ್ತೇನೆ.