ನೀನು ಚಹಾಕ್ಕೆ ಹೋದಾಗ ನಾನು ಬದಲಿಸಿದ ಗಡಿಯಾರ

ಪಂಜದ ಸುಂದರನಿಗೆ, ಕಡಬದಿಂದ ಮೂಸಕುಂಞಿ ಬರೆಯುವುದು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅರ್ಧದಲ್ಲೇ ನೀನು "ಎಂತ ಮಾರಾಯ" ಅನ್ನುತ್ತೀ, ನಾನು ಮಾತನ್ನು ಕರಿಮೆಣಸಿನ ರೋಗಕ್ಕೆ ತಿರುಗಿಸಿಬಿಡುತ್ತೇನೆ. ಅದಕ್ಕೇ ಕಾಗದ.

ಕಳೆದ ತಿಂಗಳು ನಿನ್ನೂರಿನ ತಾಳಮದ್ದಳೆಗೆ ನಿನ್ನ ಸೌಂಡ್ ಮಿಕ್ಸರ್ ವೇದಿಕೆಯ ಬದಿಯಲ್ಲಿ, ನನ್ನದು ಹೊರಗಿನ ಚಪ್ಪರದಲ್ಲಿ, ನಡುವೆ ಒಂದೇ ನೆಟ್‌ವರ್ಕ್ ಕೇಬಲ್. ಇಪ್ಪತ್ತು ವಯರು ಹೆಗಲಲ್ಲಿ ಹೊತ್ತು ತಿರುಗಿದವರಿಗೆ ಅದೇ ಒಂದು ಹಬ್ಬ. ಭಾಗವತರು ಪದ ಎತ್ತಿದ್ದೇ ತಡ, ಚಪ್ಪರದ ಸ್ಪೀಕರ್ ಪೆಟ್ಟಿಗೆಗಳಲ್ಲಿ ಟಿಕ್, ಟಿಕ್. "ಮೂಸಾಕ, ಪೆಟ್ಟಿಗೆಯೊಳಗೆ ಜೋಳ ಹುರಿಯುದಾ?" ಅಂತ ಯಾರೋ ಕೇಳಿದರು. ನಿನ್ನ ಕೇಬಲ್ ಹಾಳು ಅಂತ ನಾನು ಎಲ್ಲರೆದುರು ಬೈದೆ. ನೀನು ಚಪ್ಪರದ ಪೆಟ್ಟಿಗೆಗಳನ್ನು ಬಂದ್ ಮಾಡಿ, ಒಳಗಿನವುಗಳಲ್ಲೇ ಪ್ರಸಂಗ ಮುಗಿಸಿ, ಕೇಬಲ್ ಸುತ್ತಿಕೊಂಡು ಹೋದೆ. ಮೂವತ್ತು ವರ್ಷದ ಜೋಡಿ ಹಾಗೆ ಕಡಿಯಿತು.

ಕೇಬಲ್ ಸರಿಯಾಗಿಯೇ ಇತ್ತು ಸುಂದರ. ಬೈಯುವಾಗಲೂ ನನಗದು ಗೊತ್ತಿತ್ತು.

ಆವತ್ತು ಮಧ್ಯಾಹ್ನ ನನ್ನ ಮಿಕ್ಸರನ್ನು ಹೊಂದಿಸಿದವನು ನೀನೇ. "ಒಂದು ಜಾಲಕ್ಕೆ ಒಂದೇ ಗಡಿಯಾರ. ನಿನ್ನದು ನನ್ನದರ ಹಿಂದೆ ಬರ್ಲಿ. ಇದನ್ನು ಮುಟ್ಟುದು ಬೇಡ ಆಯ್ತಾ" ಅಂದಿದ್ದೆ. ಸ್ವರವನ್ನು ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ಅಳೆಯುವ ಯಂತ್ರಗಳು ಅವು. ಎರಡೂ ತಂತಮ್ಮ ಗಡಿಯಾರವನ್ನೇ ನಂಬಿದರೆ ಕೂದಲೆಳೆಯಷ್ಟು ತಪ್ಪಿ ಆ ಟಿಕ್ ಬರುತ್ತದೆ. ಆದರೆ ನನ್ನ ಮಿಕ್ಸರಿನ ಪರದೆಯಲ್ಲಿ ಫಾಲೋವರ್, ಅಂದರೆ ಹಿಂಬಾಲಕ, ಅಂತ ಬಿತ್ತಲ್ಲ, ಪುತ್ತೂರಿನ ಕಾಲೇಜಿನಲ್ಲಿ ಎರಡು ವರ್ಷ ಓದಿದ ಇಂಗ್ಲಿಷಿನಲ್ಲಿ ಉಳಿದ ನಾಲ್ಕು ಶಬ್ದಗಳಲ್ಲಿ ಅದೂ ಒಂದು. ಸಹಿಸಲಾಗಲಿಲ್ಲ. ನೀನು ಚಹಾಕ್ಕೆ ಹೋದಾಗ ನನ್ನ ಗಡಿಯಾರಕ್ಕೇ ತಿರುಗಿಸಿಟ್ಟೆ. ಟೂ ಮೆನಿ ಕುಕ್ಸ್, ಅಡಿಗೆಯವರು ಹೆಚ್ಚಾದರೆ, ಅಂತ ಮೇಷ್ಟ್ರು ಏನೋ ಹೇಳುತ್ತಿದ್ದರು. ಮುಂದಿನದು ಮರೆತಿದೆ, ಸಾರು ಹಾಳು ಅಂತಲೇ ಇರಬೇಕು.

ನನ್ನ ಹೆಂಡತಿ ಝೈನಬ ನೆನಪಾಗುತ್ತಾಳೆ. ಅಂಗಳದಲ್ಲಿ ನಾವು ಪೆಟ್ಟಿಗೆ ಪರೀಕ್ಷಿಸುವಾಗ ಅಡಿಗೆಮನೆಯಿಂದಲೇ, "ಇಬ್ಬರು ಒಟ್ಟಿಗೆ ಮಾತಾಡಿದ ಹಾಗೆ ಕೇಳ್ತದೆ, ಒಬ್ಬನನ್ನು ಹಿಂದೆ ನಿಲ್ಲಿಸಿ" ಅನ್ನುತ್ತಿದ್ದಳು. ಅವಳು ತೀರಿಹೋಗಿ ಮೂರು ವರ್ಷವಾಯಿತು. ಏಳುವುದು, ಉಣ್ಣುವುದು, ಔಷಧಿ, ಎಲ್ಲ ಅವಳು ಹೇಳಿದ ಹೊತ್ತಿಗೆ ನಡೆಯುತ್ತಿತ್ತು. ಅವಳ ಹಿಂದೆ ನಡೆದು ನನಗೆ ಯಾವತ್ತೂ ಸಣ್ಣತನ ಅನ್ನಿಸಿರಲಿಲ್ಲ. ನಿನ್ನ ಹಿಂದೆ ಯಾಕೆ ಅನ್ನಿಸಿತೋ.

ಬರುವ ಆದಿತ್ಯವಾರ ಅದೇ ಚಪ್ಪರ, ಅದೇ ಭಾಗವತರು. ಸಮಿತಿಯವರು ನನ್ನೊಬ್ಬನನ್ನೇ ಕರೆದರು. ಸುಂದರನಿಲ್ಲದೆ ಆಗುವುದಿಲ್ಲ ಅಂದೆ. ತಪ್ಪು ನನ್ನದೆಂದೂ ಅವರೆಲ್ಲರ ಮುಂದೆ ಹೇಳಿ ಬಂದೆ. ನನ್ನ ಮಿಕ್ಸರನ್ನು ನಿನ್ನ ಗಡಿಯಾರಕ್ಕೆ ನಾನೇ ಹೊಂದಿಸುತ್ತೇನೆ. ಆಮೇಲೆ ನೀನು ಅದಕ್ಕೊಂದು ಗುಪ್ತಸಂಖ್ಯೆ ಹಾಕಿ ಬೀಗ ಜಡಿ. ಸಂಖ್ಯೆ ನನಗೆ ಹೇಳುವುದು ಬೇಡ.

ಕೇಬಲ್ ನಿನ್ನದೇ ತಾ. ಈ ಸಲ ಚಹಾಕ್ಕೆ ಇಬ್ಬರೂ ಒಟ್ಟಿಗೆ ಹೋಗುವ.

ನಮ್ಮನ್ನು ಸೃಷ್ಟಿಸಿದವನು ನಿನ್ನ ಕಿವಿಯನ್ನು ಇನ್ನೂ ಬಹುಕಾಲ ಕಾಯಲಿ.

ನಿನ್ನ ಹಿಂದೆ ಬರುವ,
ಮೂಸಕುಂಞಿ