ಹೆಸರು ಹಿಡಿದು ಕರೆಯದ ತಮ್ಮನಿಗೆ

ತಮ್ಮಾ,

ಇಷ್ಟೇ ಬರೆದು ನಿಲ್ಲಿಸುತ್ತೇನೆ. ಮುಂದೆ ಹೆಸರು ಬರೆಯುವುದಿಲ್ಲ. ಬರೆದರೆ ಹೋಗುವ ದಾರಿಯಲ್ಲಿ ನೀನು ಕತ್ತು ಹೊರಳಿಸಿ ನೋಡುತ್ತೀಯ ಅನ್ನುತ್ತಾಳೆ ಅವ್ವ. ನೋಡಿದೆಯೋ, ಮುಗಿಯಿತು. ಹೋಗಲೂ ಆರೆ, ಇಲ್ಲಿ ಇರಲೂ ಆರೆ, ಇರುವವರನ್ನು ಕಾಯಿಲೆಯಾಗಿ ಹಿಡಿದುಕೊಳ್ಳುತ್ತೀಯ. ಸತ್ತವರ ಹೆಸರನ್ನು ನಮ್ಮ ಎನ್ಲೆತ್ ಜನ ಬಾಯಲ್ಲಿ ಆಡುವುದಿಲ್ಲ. ಹಾಗಾದರೆ ಪತ್ರ ಬರೆಯಬಹುದೇ? ಬರೆಯಬಹುದು ಅಂತ ನಾನೇ ಒಂದು ಶಾಸ್ತ್ರ ಮಾಡಿಕೊಂಡಿದ್ದೇನೆ. ಹೆಸರಿಲ್ಲದ ಪತ್ರ ಯಾರನ್ನೂ ಹಿಂದಕ್ಕೆ ಎಳೆಯಲಾರದು. ನೀನಿದ್ದಿದ್ದರೆ ಹಲ್ಲು ಕಿಸಿದು, "ಅಕ್ಕಾ, ದೇವರಿಗೂ ಕಾನೂನು ಹೇಳ್ಕೊಡೋಳು ಕಣೆ ನೀನು" ಅನ್ನುತ್ತಿದ್ದೆ.

ಉತ್ತರದ ಬಿಸಿಗಾಳಿ ನಿಂತಿಲ್ಲ. ಹಲ್ಲಿನ ಸಂದಿಯಲ್ಲೂ ಧೂಳು. ಕೂತರೆ ಕೂರಲಾಗುವುದಿಲ್ಲ, ಎದ್ದರೆ ಎದ್ದದ್ದು ಯಾಕೆ ಅಂತ ಮರೆಯುತ್ತದೆ. ಬೆಳಿಗ್ಗೆ ಕುಡಿಯಲು ತೆರೆರೆ ಸೊಪ್ಪಿಗೆ ತಣ್ಣೀರು ಹುಯ್ದಿಟ್ಟವಳು ಅದು ಬಿಸಿಯಾದ ಮೇಲೆ ನೋಡಿ ನಾಯಿಯ ಮುಂದೆ ಚೆಲ್ಲಿದೆ. ನಾಯಿಗೂ ಬೇಡವಾಯಿತು. ನೀನು ಹೋದ ಆಗಸ್ಟ್‌ನಿಂದ ಹೀಗೇ. ನಿನ್ನೆ ಸತ್ತವರ ಭಾನುವಾರ ಕಳೆಯಿತು. ಕಳೆದ ಮೇಲಾದರೂ ಎದೆ ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮೆನ್ನೊನೈಟ್ ಕ್ರೈಸ್ತ ಸಭೆಯ ಸತ್ತವರ ಭಾನುವಾರ ನಿನಗೆ ಗೊತ್ತಿದ್ದದ್ದೇ. ಆ ವರ್ಷ ತೀರಿಕೊಂಡವರ ಹೆಸರನ್ನು ಒಂದೊಂದಾಗಿ ಓದುತ್ತಾರೆ, ಒಂದೊಂದು ಮೇಣದಬತ್ತಿ ಹಚ್ಚುತ್ತಾರೆ, ಒಂದೊಂದು ಜೀವನವೃತ್ತಾಂತ ಹೇಳುತ್ತಾರೆ. ನೀನು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಕಿವಿಯಲ್ಲಿ ಪಿಸುಗುಡುತ್ತಿದ್ದೆ, "ಎಲ್ಲಾರದ್ದೂ ಒಂದೇ ಅಚ್ಚು ಅಕ್ಕಾ, ಇಟ್ಟಿಗೆ ಥರ." ನಿಜವೇ. ಹುಟ್ಟಿದರು, ದೀಕ್ಷಾಸ್ನಾನ ಪಡೆದರು, ನಿಷ್ಠೆಯಿಂದ ದುಡಿದರು, ಕರ್ತನಲ್ಲಿ ನಿದ್ರಿಸಿದರು. ಈ ವರ್ಷ ಹೋದ ನೆರೆಮನೆಯ ಅಜ್ಜಿ ಕಾಲೊನಿಯ ಬಿಳಿಯರ ಅಡುಗೆಮನೆಯಲ್ಲಿ ಬೆನ್ನು ಬಾಗುವ ತನಕ ಪಾತ್ರೆ ತಿಕ್ಕಿದಳು. ಅವಳಿಗೂ ಅದೇ ಇಟ್ಟಿಗೆ. ಆ ಬೆನ್ನಿನ ಮಾತು ಯಾವ ವೃತ್ತಾಂತದಲ್ಲೂ ಬರಲಿಲ್ಲ.

ಹಾಗಂತ ಈ ಸಭೆಯನ್ನು ಹೊರಗಿನವಳ ಹಾಗೆ ಬೈಯುತ್ತಿಲ್ಲ. ನನಗೆ ಅಕ್ಷರ ಕಲಿಸಿದ್ದು ಇದೇ ಸಭೆ. ನಮ್ಮ ಹೆಂಗಸರು ನಾಲ್ಕು ದನಿಯಲ್ಲಿ ಹಾಡುವಾಗ ನನ್ನ ಕಣ್ಣು ಇವತ್ತಿಗೂ ತುಂಬುತ್ತದೆ. ನೀನಂತೂ ಸಭೆಯ ಫುಟ್‌ಬಾಲ್ ತಂಡಕ್ಕೆ ದೀಕ್ಷೆ ಪಡೆದವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ ಅಂತ ಕೇಳಿ ನೀರಿಗೆ ಇಳಿದವನು! "ಒಂದ್ಸಲ ಮುಳುಗಿದ್ರೆ ಮೋಕ್ಷಾನೂ ಸಿಗುತ್ತೆ, ಗೋಲ್‌ಕೀಪರ್ ಜಾಗಾನೂ ಸಿಗುತ್ತೆ" ಅಂದಿದ್ದೆ. ಗೋಲಿನ ಮುಂದೆ ನಿಂತಾಗ ನಿನ್ನ ಕೈಗೆ ಸಿಗದ ಚೆಂಡಿರಲಿಲ್ಲ. ಹಾಡಲು ನಿಂತರೆ ಮಾತ್ರ ಪಕ್ಕದವರೂ ದಾರಿ ತಪ್ಪುತ್ತಿದ್ದರು. ಇದನ್ನು ಯಾವ ಪಾಸ್ಟರ್ ಓದುತ್ತಾನೆ?

ಈಗ ಆ ದಿನದ ಮಾತು. ಓಡಿಹೋಗದೆ ಬರೆಯುತ್ತೇನೆ.

ಗೆರ್ಹಾರ್ಡ್ ಐಟ್ಸನ್ ಧಣಿಯ ಜಮೀನಿನಲ್ಲಿ ಕಾಡು ಉರುಳಿಸುವ ಕೆಲಸ. ಎರಡು ದೊಡ್ಡ ಬುಲ್ಡೋಜರ್, ನಡುವೆ ಹಡಗಿನ ಸರಪಳಿ. ಅವು ಮುಂದೆ ಹೋದಂತೆ ಸರಪಳಿ ಕಾಡನ್ನು ಬುಡಸಹಿತ ಮಲಗಿಸುತ್ತದೆ. ಬಂದೂಕು ಹಿಡಿಯಬಾರದು ಅಂತ ಈ ಬಿಳಿಯ ಮೆನ್ನೊನೈಟರು ಮೂರು ದೇಶ ಬಿಟ್ಟು ನಮ್ಮ ಈ ಚಾಕೊ ಕಾಡುಸೀಮೆಗೆ ಬಂದರು. ಹಿಡಿಯಲಿಲ್ಲ, ಒಪ್ಪಿದೆ. ಸರಪಳಿ ಹಿಡಿದರು. ಅರ್ಧ ಮುರಿದು ನಿಂತ ಮರಗಳನ್ನು ಗರಗಸ ಹಿಡಿದು ಕೊಯ್ಯಲು ಹಿಂದಿನಿಂದ ಹೋಗುವವರು ನಮ್ಮವರು. ನೀನು, ಎವಾರಿಸ್ತೊ, ಉಳಿದ ಹುಡುಗರು. ಆ ದಿನ ಗಾಳಿ ಎದ್ದಿತ್ತು. ಕೊಡಲಿಯನ್ನೇ ಮುರಿಯುವ ಒಂದು ಕ್ವೆಬ್ರಾಚೊ ಮರ ಬೇರು ಕಿತ್ತು, ಪಕ್ಕದ ಮರದ ಹೆಗಲ ಮೇಲೆ ಒರಗಿತ್ತು. ನೀನು ಕೆಳಗೆ ಹೋಗಲಿಲ್ಲ. ಧಣಿಯ ಹತ್ತಿರ ಹೋದೆ. ಎವಾರಿಸ್ತೊ ನಿನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಾನೆ.

"ಧಣೀ, ಗಾಳಿ ಜೋರಾಗಿದೆ. ನಾಳೆ ಕೊಯ್ತೀವಿ."

"ಗಾಳಿ ನೋಡ್ಕೊಂಡು ಕೂರೋದಾದ್ರೆ ಗಾಳಿ ಹತ್ರಾನೇ ಸಂಬಳ ಇಸ್ಕೊ. ಹೋಗು, ಇವತ್ತು ಈ ಸಾಲು ಮುಗೀಬೇಕು."

ನೀನು ಹೋದೆ. ತಲೆಗೆ ಟೋಪಿ ಕೂಡ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಆ ಮರಕ್ಕೆ ಯಾವ ಟೋಪಿ ಲೆಕ್ಕ? ಅಷ್ಟೇ. ಇದಕ್ಕಿಂತ ಹೆಚ್ಚು ಬರೆಯಲು ಕೈ ಒಪ್ಪುತ್ತಿಲ್ಲ.

ಭಾನುವಾರಕ್ಕೆ ಮುಂಚೆ ಪಾಸ್ಟರ್ ಬೆನಿಸಿಯೊ ಮನೆಗೆ ಬಂದ. ನಮ್ಮವನೇ, ನಿನ್ನ ಜೊತೆ ಹಲ್ಲಿ ಹೊಡೆದು ಬೆಳೆದವನೇ. ಬರೆದು ತಂದಿದ್ದ ನಿನ್ನ ವೃತ್ತಾಂತವನ್ನು ನನ್ನ ಮುಂದೆ ಓದಿದ. "ಐಟ್ಸನ್ ಅವರ ಬಳಿ ನಿಷ್ಠೆಯಿಂದ ದುಡಿಯುತ್ತಿರುವಾಗಲೇ ಕರ್ತನ ಕರೆಗೆ ಓಗೊಟ್ಟು ಹೊರಟರು." ನನ್ನ ಮೈ ಉರಿದುಹೋಯಿತು.

"ಕರ್ತನ ಕರೆ ಯಾರಿಗೆ ಕೇಳಿಸ್ತೋ ಬೆನಿಸಿಯೊ? ಎವಾರಿಸ್ತೊಗೆ ಕೇಳ್ಸಿದ್ದು ಐಟ್ಸನ್ ದನಿ."

"ಅಕ್ಕಾ, ಸತ್ತವರ ದಿನ ಜಗಳದ ದಿನ ಅಲ್ಲ."

"ಹಾಗಾದ್ರೆ ಓದಲೇಬೇಡ. ಅವ್ವಂಗೂ ಆ ಹೆಸರು ಕೇಳೋದು ತಪ್ಪುತ್ತೆ."

ಅವನು ತಲೆ ತಗ್ಗಿಸಿದ. "ಓದದಿದ್ರೆ ಹೆಂಗಕ್ಕಾ? ಐಟ್ಸನ್ ಅವ್ರೇ ಹೂ ತಗೊಂಡು ಬರ್ತಾರಂತೆ. ಮುಂದಿನ ಬೆಂಚು ಇಡಿ ಅಂದಿದ್ದಾರೆ. ಈ ಚರ್ಚಿನ ತಗಡು ಹಾಕ್ಸಿದ್ದು ಅವ್ರೇ ಅಲ್ವಾ."

ತಗಡು! ಕಾಡೆಲ್ಲ ಅವರದಾದ ಮೇಲೆ ನಮ್ಮ ನೆತ್ತಿಗೆ ಒಂದಿಷ್ಟು ತಗಡು. ಅದರ ನೆರಳಿನಲ್ಲಿ ಸತ್ಯ ಹೇಳಬಾರದು.

ಇನ್ನೊಂದು ಕಡೆಯಿಂದ ನೆಲದ ಚಳವಳಿಯ ನನ್ನ ಸಂಗಾತಿಗಳು. ಹೆದ್ದಾರಿ ತಡೆದು ಕೂತ ದಿನದಿಂದ ಜೊತೆಗಿದ್ದವರು, ನನ್ನ ಕೈಗೆ ಮೈಕು ಕೊಟ್ಟವರು. ಅವತ್ತಿನಿಂದ ನಾವಿರುವ ಇಡೀ ಕ್ಯಾಂಪಿಗೆ ನಾನು 'ಮೈಕಕ್ಕ' ಆದದ್ದು ನಿನ್ನ ಕೃಪೆಯೇ ಅಲ್ಲವೇನೋ ಕಳ್ಳ? ರಾಜಧಾನಿಯಿಂದ ಗ್ರಾಸಿಯೆಲಾ ಫೋನ್ ಮಾಡಿದಳು. "ಅವನ ಫೋಟೋ ಕಳ್ಸು ಎರ್ಮೆಲಿಂದಾ, ದೊಡ್ಡ ಬ್ಯಾನರ್ ಮಾಡ್ಸೋಣ. ಒಬ್ಬರು ಹೆಸರು ಕೂಗ್ಬೇಕು, ಸಾವಿರ ಜನ 'ಇಲ್ಲೇ ಇದ್ದಾನೆ' ಅಂತ ಕೂಗ್ಬೇಕು. ಹೆಸರು ಕೂಗದಿದ್ರೆ ಕೊಂದೋರು ಗೆದ್ದ ಹಾಗೆ." ನಾನೂ ಎಷ್ಟು ಹೆಸರು ಹಾಗೆ ಕೂಗಿದವಳು! ಗಂಟಲು ಹರಿಯುವ ಹಾಗೆ ಕೂಗಿದ್ದೇನೆ. ಆದರೆ ನಿನ್ನ ವಿಷಯದಲ್ಲಿ 'ಇಲ್ಲೇ ಇದ್ದಾನೆ' ಅನ್ನುವುದು ಅವ್ವನಿಗೆ ಶಾಪ. ಮಗ ಇಲ್ಲೇ ಇದ್ದುಬಿಟ್ಟರೆ ಅವಳ ಪಾಲಿಗೆ ಅದೇ ನರಕ. ಗೋಡೆಯ ಮೇಲಿದ್ದ ನಿನ್ನ ಫೋಟೋವನ್ನು ಅವಳು ಮೊದಲ ದಿನವೇ ಒಲೆಗೆ ಹಾಕಿದ್ದಳು.

ನನ್ನ ಸಂಕಟ ನೋಡು. ಚರ್ಚು ನಿನ್ನನ್ನು ಸುಳ್ಳಿನಲ್ಲಿ ಸುತ್ತಿ ಓದುತ್ತೇನೆ ಅನ್ನುತ್ತದೆ. ಚಳವಳಿ ಸತ್ಯವನ್ನು ನಿನ್ನ ಹೆಸರಿಗೆ ಕಟ್ಟಿ ಕೂಗುತ್ತೇನೆ ಅನ್ನುತ್ತದೆ. ಅವ್ವ ಬಾಯಿ ಮುಚ್ಚು ಅನ್ನುತ್ತಾಳೆ. ಸುಮ್ಮನಿದ್ದರೆ ಐಟ್ಸನ್ ತೊಳೆದ ಕೈಯಲ್ಲಿ ಹೂವಿಟ್ಟು ಹೋಗುತ್ತಾನೆ. ಕೂಗಿದರೆ ನಿನ್ನ ದಾರಿಗೆ ನಾನೇ ಅಡ್ಡ ಮಲಗಿದ ಹಾಗೆ. ಎಷ್ಟು ದಿನ ಈ ಅಂಗಳದಲ್ಲಿ ಆಚೆ ಈಚೆ ತಿರುಗಿದೆನೋ! "ನೆಲ ಸವೆಯುತ್ತೆ, ಕೂತ್ಕೊಳೆ" ಅಂದಳು ಅವ್ವ. ಕೂರಲಿಲ್ಲ.

ಭಾನುವಾರ ಅವಳೂ ಬಂದಳು. ಬರುವುದಿಲ್ಲ ಅಂದುಕೊಂಡಿದ್ದೆ. ತಲೆವಸ್ತ್ರವನ್ನು ಕಿವಿಯ ಮೇಲೆ ಎರಡು ಸುತ್ತು ಬಿಗಿದು, ಅದರ ಮೇಲೆ ಅಂಗೈ ಒತ್ತಿಕೊಂಡು ಕೂತಳು. ಮುಂದಿನ ಬೆಂಚಿನಲ್ಲಿ ಐಟ್ಸನ್, ಹೆಂಡತಿ, ಹೂವಿನ ಚಕ್ರ. ಪಾತ್ರೆ ತಿಕ್ಕಿದ ಆ ಅಜ್ಜಿಯ ಬತ್ತಿ ಉರಿಯಿತು. ಹೆರಿಗೆಯಲ್ಲಿ ಹೋದ ಆ ಚಿಕ್ಕವಳ ಬತ್ತಿ ಉರಿಯಿತು. ನಿನ್ನ ಸರದಿ ಬಂತು. ಬೆನಿಸಿಯೊ ಕಾಗದ ಎತ್ತಿಕೊಂಡ. ನಾನು ಎದ್ದುಬಿಟ್ಟೆ. ಏನು ಹೇಳಬೇಕು ಅಂತ ಎದ್ದು ನಿಲ್ಲುವ ತನಕ ನನಗೂ ಗೊತ್ತಿರಲಿಲ್ಲ ಕಣೋ, ಸತ್ಯವಾಗಿ.

"ಬೆನಿಸಿಯೊ, ಇವನ ಅಕ್ಕ ನಾನು. ಇದನ್ನ ನಾನು ಹೇಳ್ತೀನಿ."

ಅವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಹೆಗಲ ಮೇಲಿನ ಮೂಟೆ ಯಾರೋ ಇಳಿಸಿದವರ ಹಾಗೆ ಉಸಿರು ಬಿಟ್ಟ.

ನಮ್ಮ ಮಾತಿನಲ್ಲಿ ಹೇಳಿದೆ. ಮುಂದಿನ ಬೆಂಚಿಗೂ ಮುಟ್ಟಲಿ ಅಂತ ಅವರ ಜರ್ಮನ್ನಿನಲ್ಲಿ ಇನ್ನೊಮ್ಮೆ ಹೇಳಿದೆ.

"ನನ್ನ ತಮ್ಮನ ಹೆಸರು ನಾನು ಹೇಳಲ್ಲ. ನೀವೂ ಹೇಳ್ಬೇಡಿ. ಅವನನ್ನ ಹೋಗೋಕೆ ಬಿಡಿ. ಸತ್ತೋರ ಹೆಸರು ಹೇಳ್ಬಾರ್ದು ಅಂದ್ರು ನಮ್ಮ ಹಿರಿಯರು. ಬದುಕಿರೋರ ಹೆಸರು ಹೇಳ್ಬಾರ್ದು ಅಂತ ಯಾರೂ ಹೇಳಿಲ್ಲ, ಬೈಬಲ್ಲೂ ಹೇಳಿಲ್ಲ. ಅದಕ್ಕೆ ಬದುಕಿರೋರ ಹೆಸರು ಹೇಳ್ತೀನಿ. ಗೆರ್ಹಾರ್ಡ್ ಐಟ್ಸನ್. ಬದುಕಿದ್ದಾರೆ. ಗಾಳಿ ಎದ್ದಿದೆ, ಬೇಡ ಅಂದವನನ್ನ ಒರಗಿದ ಮರದ ಕೆಳಗೆ ಕಳ್ಸಿದ್ದು ಇವ್ರು. ಎವಾರಿಸ್ತೊ. ಬದುಕಿದ್ದಾನೆ. ಆ ಮಾತು ಕಿವಿಯಾರ ಕೇಳಿದ್ದು ಇವನು. ಎರ್ಮೆಲಿಂದಾ. ಬದುಕಿದ್ದೀನಿ. ಬಾಯಿ ಮುಚ್ಕೊಂಡು ಬದುಕಲ್ಲ."

ತಗಡು ಗಾಳಿಗೆ ಪಟಪಟ ಬಡಿಯಿತು. ಐಟ್ಸನ್ ಕತ್ತು ಕೆಂಪಾಯಿತು. ಎವಾರಿಸ್ತೊ ಎದುರಿನ ಬೆಂಚಿನ ಹಲಗೆ ಹಿಡಿದುಕೊಂಡು ಕೂತಿದ್ದ. ಅವನ ಹೆಂಡತಿ ಅವನ ಅಂಗಿ ಹಿಡಿದು ಜಗ್ಗುತ್ತಿದ್ದಳು, "ಏಳ್ಬೇಡ, ಮಕ್ಳಿದಾವೆ, ಏಳ್ಬೇಡ." ಅವನು ಎದ್ದ.

"ಕೇಳಿದ್ದು ನಿಜ. ನಾನು ಅಲ್ಲೇ ಇದ್ದೆ" ಅಂದ. ಅಷ್ಟೇ ಅಂದದ್ದು. ಕೂರಲಿಲ್ಲ, ನಿಂತೇ ಇದ್ದ.

ಹೊರಗೆ ಬಂದಾಗ ಐಟ್ಸನ್ ನನ್ನ ಮುಂದೆ ಬಂದು ನಿಂತ. ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಲಾರೆ, ನಿಜವಾದ ನೀರೇ. "ನೋಡಮ್ಮಾ, ಅವನು ನನಗೆ ಮಗನ ಥರ ಇದ್ದ" ಅಂದ. "ನಿಮ್ಮ ಮಗನ್ನ ಗಾಳೀಲಿ ಆ ಮರದ ಕೆಳಗೆ ಕಳ್ಸ್ತಿದ್ರಾ ಧಣೀ?" ಅಂತ ಕೇಳಿದೆ. ಹೂವಿನ ಚಕ್ರ ಅವನ ಕೈಯಲ್ಲೇ ಇತ್ತು. ಎಲ್ಲಿಡಬೇಕು ಅಂತ ಗೊತ್ತಾಗದೆ ಗಾಡಿಯಲ್ಲಿ ಹಾಕಿಕೊಂಡು ಹೋದ.

ಗೆದ್ದೆ ಅಂದುಕೊಳ್ಳಬೇಡ. ಇವತ್ತು ಬೆಳಿಗ್ಗೆ ಅವನ ಲಾರಿ ಕ್ಯಾಂಪಿಗೆ ಬಂದು ಹಾರ್ನ್ ಬಾರಿಸಿತು. ಎವಾರಿಸ್ತೊ ಇನ್ನು ಬರುವುದು ಬೇಡ ಅಂತ ಮೇಸ್ತ್ರಿ ಹೇಳಿದ. ಉಳಿದವರಲ್ಲಿ ಹೆಚ್ಚಿನವರು ಹತ್ತಲಿಲ್ಲ. ಮೂವರು ಹತ್ತಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳು. ಸಿಟ್ಟಿದೆ. ಅವರ ಒಲೆಯೂ ಉರಿಯಬೇಕು ಅಂತ ಗೊತ್ತಿದ್ದೂ ಸಿಟ್ಟಿದೆ.

ಅವ್ವ ನಿನ್ನೆಯಿಂದ ಒಂದು ಮಾತೂ ಆಡಿರಲಿಲ್ಲ. ನಾನು ತಪ್ಪು ಮಾಡಿದೆನೋ, ಹೆಸರಿಲ್ಲದೆ ಹೇಳಿದರೂ ನಿನ್ನನ್ನು ಜಗ್ಗಿದೆನೋ ಅಂತ ಜೀವ ಹಿಡಿಯಷ್ಟಾಗಿತ್ತು. ಲಾರಿಯ ಧೂಳು ಇಳಿದ ಮೇಲೆ ಅವಳು ಎದ್ದಳು. ನಿನ್ನ ಹಾಸಿಗೆ, ಅಂಗಿ, ಕೈಗವಸು ಎಲ್ಲವನ್ನೂ ಅಂಗಳದಲ್ಲಿ ರಾಶಿ ಹಾಕಿ ಬೆಂಕಿ ಇಟ್ಟಳು. ಆಮೇಲೆ ಅಂದಳು:

"ಸರಿಯಾಗಿ ಹೇಳ್ದೆ. ಅವನನ್ನ ಕರೀಲಿಲ್ಲ. ಈಗ ಹೊರಡೋಣ."

"ಎಲ್ಲಿಗವ್ವಾ?"

"ಸಾವಾದ ಜಾಗದಲ್ಲಿ ಯಾರಾದ್ರೂ ಉಳೀತಾರೇನೆ? ನಿನ್ನಜ್ಜಿ ಸತ್ತಾಗ ಗುಡಿಸಲು ಸುಟ್ಟು ಹೊರಟ್ವಿ. ನಿಮ್ಮಪ್ಪ ಸತ್ತಾಗ ಹೊರಡ್ಬೇಕಿತ್ತು. ಸುತ್ತ ಬೇಲಿ ಬಂದಿತ್ತು, ಕೂತ್ವಿ. ಇಷ್ಟು ವರ್ಷ ಸತ್ತೋರ ಮಧ್ಯೆನೇ ಕೂತಿದೀವಿ. ಸಾಕು."

ಗಲ್ಲ ಎತ್ತಿ ದಿಕ್ಕು ತೋರಿಸಿದಳು. ಅವಳು ಹುಟ್ಟಿದ ಕೆರೆಯ ದಿಕ್ಕು. ಈಗ ಅದು ಐಟ್ಸನ್ ದನಗಳು ನೀರು ಕುಡಿಯುವ ಕೆರೆ. ಚಳವಳಿಯಲ್ಲಿ ಎಷ್ಟು ಭಾಷಣ ಮಾಡಿದೆನಲ್ಲೋ, ನೆಲ ನಮ್ಮದು, ನೆಲ ನಮ್ಮದು ಅಂತ! ನಡೆದು ಹೋಗಿ ಕೂತುಬಿಡಬೇಕು ಅಂತ ಹೇಳಲು ಅವ್ವನೇ ಬೇಕಾಯಿತು. ಅವಳಿಗೆ ಇದು ಹೋರಾಟವೂ ಅಲ್ಲ. ಮಗ ಸತ್ತಿದ್ದಾನೆ, ಜಾಗ ಬದಲಿಸಬೇಕು, ಅಷ್ಟೇ.

ಎವಾರಿಸ್ತೊ ಹೆಂಡತಿ ಬೈದುಕೊಳ್ಳುತ್ತಲೇ ಪಾತ್ರೆ ಕಟ್ಟುತ್ತಿದ್ದಾಳೆ. "ಕೆಲ್ಸಾನೂ ಹೋಯ್ತು, ಮನೇನೂ ಹೋಯ್ತು, ಇನ್ನು ಜೈಲೊಂದು ಬಾಕಿ." ಬೇಲಿಯ ತಂತಿ ಕತ್ತರಿಸುವ ಕತ್ತರಿ ಅವಳ ಗಂಡನ ಹತ್ತಿರ ಇದೆ. ಅದೂ ಐಟ್ಸನ್‌ದೇ. ಬೆನಿಸಿಯೊ ಬಂದು ಬಾಗಿಲಲ್ಲಿ ನಿಂತಿದ್ದಾನೆ. ತಡೆಯಲು ಬಂದನೋ, ಜೊತೆ ಬರಲು ಬಂದನೋ ಅವನಿಗೇ ತಿಳಿದಿಲ್ಲ. ಸುಮ್ಮನೆ ನಿಲ್ಲುವ ಬದಲು ನೀರಿನ ಡ್ರಮ್ಮು ಎತ್ತು ಅಂದೆ. ಎತ್ತಿಕೊಂಡ. ಪೊಲೀಸರು ಬರುತ್ತಾರೆ. ಬರಲಿ. ನನಗೆ ಹೆದರಿಕೆ ಇದೆ. ಆದರೂ ಹೊರಟಿದ್ದೇವೆ.

ಹೊಸ ಜಾಗಕ್ಕೆ ದಾರಿ ಯಾವುದು ಅಂತ ನಿನಗೆ ಹೇಳುವುದಿಲ್ಲ. ಹುಡುಕಬೇಡ. ನಾವು ಈ ಕಡೆ ಹೋಗುತ್ತೇವೆ, ನೀನು ನಿನ್ನ ಕಡೆ ಹೋಗು. ದಾರಿಯಲ್ಲಿ ನಿನಗೆ ನೆರಳು ಸಿಗಲಿ, ಸಿಹಿನೀರು ಸಿಗಲಿ, ಎಲ್ಲೂ ಒಂದು ಬೇಲಿಯೂ ಸಿಗದಿರಲಿ. ಹೋಗು ಕಣೋ, ನನ್ನಪ್ಪಾ. ಹೋಗಿಬಿಡು.

ಬದುಕಿರುವ ನಿನ್ನ ಅಕ್ಕ,
ಎರ್ಮೆಲಿಂದಾ