ಕರಡಿ ಗನ್ನಿನ ರಿಂಗು

ಸೆಪ್ಟೆಂಬರ್ ೩, ೨೦೨೪. ಮಂಗಳವಾರ. ಕೂಡ್ಲಿಗಿ

ಬೆಳಿಗ್ಗೆ ದನದ ಆಸ್ಪತ್ರ್ಯಾಗ ಎರಡು ಎಮ್ಮಿ, ಒಂದು ಹೋತ. ಊಟ ಆದಮ್ಯಾಲೆ ಮತ್ತ ಗನ್ನು ಹಿಡಕೊಂಡು ಕುಂತೆ. ಕರಡಿಗೆ ಮಂಪರಿನ ಸೂಜಿ ಹೊಡಿಯೋ ಗನ್ನು. ಗುರಿ ನೋಡೋ ಸ್ಕೋಪು ಚಲೋ ಐತಿ, ಅದನ್ನ ಹಿಡಿಯೋ ರಿಂಗು ಸೀಳ್ಯಾವು. ತರಿಸಿದ ಹೊಸಾವು ಕೂಡ್ರವಲ್ವು. ಸ್ಕೋಪಿನ ಕೊಳವಿ ಒಂದಿಂಚು, ರಿಂಗು ಮೂವತ್ತು ಎಂ.ಎಂ. ಕೆಳಗಿನ ಕಚ್ಚೂ ಅಗಲ... ಅದು ಕಚ್ಚಬೇಕಾದ ಗನ್ನಿನ ಮ್ಯಾಲಿನ ಹಳಿ ಸಣ್ಣದು.

ನಮ್ಮ ಮನಿಯವ್ರು, ನಯಾಜ, ಗ್ಯಾರೇಜಿನಿಂದ ಬಂದು ನೋಡಿದ್ರು. "ಸೈಕಲ್ ಟ್ಯೂಬ್ ಸುತ್ತಿ ಬಿಗದ್ರ ಆತು, ನೂರೀನ."

"ಜೀಪು ನಾಕು ಸಲ ಕುಣದ್ರ ಸರೀತೈತ್ರಿ."

ಆದ್ರೂ ಬಿಗದು ಇಟ್ರು.

೬, ಶುಕ್ರವಾರ

ಆರ್ಡರ್ ಹಾಕ್ದೆ. ಒಂದಿಂಚಿನ ರಿಂಗು, ಹನ್ನೊಂದು ಎಂ.ಎಂ. ಹಳಿಗೆ ಕಚ್ಚೂವು, ನಡು ಎತ್ತರದ್ದು — ತಗ್ಗಾದ್ರ ಸ್ಕೋಪಿನ ಬಾಯಿ ನಳಿಗಿಗೆ ತಾಕ್ತೈತಿ. ವಾರದ ಮ್ಯಾಲೆ ಬರ್ತಾವಂತ. ಅಲ್ಲಿತನ ಏನೂ ಆಗದಿರ್ಲಿ.

೯, ಸೋಮವಾರ

ಆತು.

ಕಾನಹೊಸಹಳ್ಳಿ ಆಚೆ ಶೇಂಗಾ ಹೊಲದಾಗ ಕಳೆ ತಗ್ಯಾಕತ್ತಿದ್ದ ಚೌಡಕ್ಕನ ಮ್ಯಾಲೆ ಕರಡಿ ಬಿತ್ತು. ಅರ್ಧ ಮುಖ ಕಿತ್ತೈತಿ. ಗಲ್ಲದ ಚರ್ಮ ಸೆರಗಿನ್ಯಾಗ ಒತ್ತಿ ಹಿಡಕೊಂಡಿದ್ಲು. ಆಂಬುಲೆನ್ಸ್ ಹೋದಮ್ಯಾಲೆ ಮಂದಿ ಕರಡಿ ಹೊಕ್ಕ ಬಂಡೆಗಲ್ಲಿನ ಸಂದಿ ಸುತ್ತುಗಟ್ಟಿದ್ರು. ಕೊಡ್ಲಿ, ಹಾರಿ, ಪೆಟ್ರೋಲು. ಕಾಯೋ ಹಂಗಿರಲಿಲ್ಲ. ಟ್ಯೂಬ್ ಸುತ್ತಿದ ಸ್ಕೋಪಿನಾಗಾ ಗುರಿ ಹಿಡದೆ. ಭುಜಕ್ಕ.

ಸ್ಕೋಪು ಸರದಿತ್ತು. ಸೂಜಿ ಒಂದು ಮೊಳ ಆಚೆ, ಕಲ್ಲಿಗೆ.

ಕರಡಿ ನೆಟ್ಟಗ ನನ್ನ ಕಡಿ ಬಂತು. ಅರಣ್ಯ ಇಲಾಖೆ ವಾಚರ್ ಹುಲುಗಣ್ಣ ನಡುವ ಬಂದ. ಅವನ ಮುಖದ ಮ್ಯಾಲೆ ಉಗುರು... ಬರಿಯಾಕ ಆಗವಲ್ದು.

ಆಮ್ಯಾಲೆ ಮಂದಿ. ಹಾರಿಲೆ ಕರಡಿ ಬೆನ್ನು ಮುರದ್ರು. ಕಾಲು ಕಡದ್ರು. ಇನ್ನೂ ಉಸಿರಿತ್ತು. ನೋವಿಲ್ದ ಸಾಯೋ ಮದ್ದಿನ ಸಿರಿಂಜ್ ಹಿಡಕೊಂಡು ಹ್ವಾದೆ. ಚೌಡಕ್ಕನ ಮಗ ಎರ್ರೆಪ್ಪ ಕೊಡ್ಲಿ ಅಡ್ಡ ಹಿಡದ.

"ನಿಂದರ್ರಿ ಡಾಕ್ಟ್ರಮ್ಮ. ನಿಧಾನ ಸಾಯ್ಲಿ."

"ದಾರಿ ಬಿಡು."

"ನಮ್ಮವ್ವನ ಮುಖ ನೋಡಿಲ್ಲೇನ್ರಿ?"

"ಕಟ್ಟು ಕಟ್ಟಿ ಕಳಿಸಿದಾಕಿ ನಾನೇ. ದಾರಿ ಬಿಡು, ಎರ್ರೆಪ್ಪ."

ಅಲಗು ನನ್ನ ತೋಳಿಗೆ ಹತ್ತಿತ್ತು. ಹಂಗಾ ನಡದೆ. ತೋಳು ಸೀಳ್ತು. ಕುಂತು ಚುಚ್ಚಿದೆ. ಕರಡಿ ಸುಮ್ಮನಾತು. ಎರ್ರೆಪ್ಪ ಕೊಡ್ಲಿ ಒಗದು ವಾಂತಿ ಮಾಡಿಕೊಂಡ.

೧೬, ಸೋಮವಾರ

ಬಳ್ಳಾರಿ ಆಸ್ಪತ್ರಿ. ಹುಲುಗಣ್ಣನ ಎಡಗಣ್ಣು ಹೋತು. "ನಿಮ್ದೇನು ತಪ್ಪಿಲ್ರಿ" ಅಂದ. ಹೊರಗ ಅವನ ಹೆಂಡ್ತಿ ನನ್ನ ಕಪಾಳಕ್ಕ ಹೊಡದ್ಲು. ಅವನ ಮಾತಿಗಿಂತ ಅದಾ ತಡಿಯಾಕ ಹಗುರಿತ್ತು.

೧೯, ಗುರುವಾರ

ರಿಂಗು ಬಂದ್ವು. ಟಕ್ ಅಂತ ಕುಂತ್ವು. ಸ್ಕ್ರೂ ಅಡ್ಡಡ್ಡ, ಸ್ವಲ್ಪಸ್ವಲ್ಪ ಬಿಗದೆ. ತೋಳಿನ ಹೊಲಿಗಿ ಜಗ್ತು. ಮೂವತ್ತು ಮೀಟರಿಗೆ ಸೂಜಿ ಎಲ್ಲಾ ಒಂದಾ ಕಡಿ. ಜೀಪಿನ್ಯಾಗ ಕುಣಿಸಿ ತಂದು ಮತ್ತ ಹೊಡದೆ. ಅಲ್ಲೇ. ಜೀಪಿನ ಹಿಂದ ನಿಂತು ಅತ್ತೆ.

೨೫, ಬುಧವಾರ. ಸಂಜಿ

ಜೀಪು ಬರೂತನ ಬರೀತೀನಿ. ಎರ್ರೆಪ್ಪನ ಫೋನು, ಹಿಂದ ಗದ್ದಲ. "ಡಾಕ್ಟ್ರಮ್ಮ, ಇನ್ನೊಂದು ಬಂದೈತ್ರಿ. ಬೆನ್ನಮ್ಯಾಲೆ ಮರಿ. ಮಂದಿ ಕಲ್ಲು ಎತ್ಯಾರ. ನಾ ನಡುವ ನಿಂತೀನಿ... ಬೇಗ ಬರ್ರಿ."

ಸೂಜಿ ತುಂಬ್ದೆ. ರಿಂಗಿನ ಸ್ಕ್ರೂ ಮತ್ತೊಮ್ಮೆ ನೋಡ್ದೆ.

ಮತ್ತ ಫೋನು. ಅವನ ನಂಬರು, ದನಿ ಬ್ಯಾರೆಯವ್ರದು. ಯಾರೋ ಎಸದ ಕಲ್ಲು ಎರ್ರೆಪ್ಪನ ತಲಿಗೆ ಬಡದೈತಂತ. ಜೀಪು ಬಂತು, ಹೊಂಟೆ.